ಸೌಟು ಹಿಡಿದ ವೈನಿ

ವೈನಿ ಬಡಿಸಲು ಬಗ್ಗಿದರೆ ಅವರ ರೆಟ್ಟೆಯ ಸಡಿಲ ಚರ್ಮ ಕುಪ್ಪಸದ ತೋಳಿನಿಂದ ಕೆಳಗೆ ಜೋತು ಬಿದ್ದು ಸೌಟಿನ ಜೊತೆಗೆ ತಾನೂ ಅಲ್ಲಾಡುತ್ತಿತ್ತು. ಮುಖ ನೋಡಿದರೆ ನಲವತ್ತು, ರೆಟ್ಟೆ ನೋಡಿದರೆ ಎಪ್ಪತ್ತು. ಮೊದಲ ಸಲ ಕಂಡಾಗ ನಾನು ಕಣ್ಣು ಕೀಳದೆ ನೋಡಿಬಿಟ್ಟಿರಬೇಕು. ಅವರೇನೂ ನಾಚಿಕೊಳ್ಳಲಿಲ್ಲ. ಆ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ತೋರಿಸಿ, "ಬಾಡಿಗಿಯವರು ಖಾಲಿ ಮಾಡ್ಕೊಂಡು ಹೋಗ್ಯಾರವಾ. ಮನಿ ಹಂಗಽ ಉಳದೈತಿ" ಎಂದರು.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ, ಹಾಸನದಿಂದ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ದ್ವಾರಕಾ ನಗರದ ಒಂದು ಓಣಿಯ ಮಹಡಿ ಮನೆಗೆ ಬಂದು ಇಳಿದಿದ್ದೆವು. ಕೆಳಗಿನ ಮನೆಯಲ್ಲಿ ಇವರು. ಧಾರವಾಡದ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ, ನಮ್ಮ ಕಡೆ ಅತ್ತಿಗೆ ಅಂದಂತೆ. ಊರಿನ ಕನ್ನಡದವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಯಜಮಾನರು ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್. ಹಡಗು ಹೊರಟಿತೆಂದರೆ ತಿಂಗಳುಗಟ್ಟಲೆ ಮನೆ ಕಡೆ ಬರುತ್ತಿರಲಿಲ್ಲ. ವೈನಿ ಅತ್ತಿಗೆಯಾದ ಮೇಲೆ ಅವರು ಅಣ್ಣನಾಗಲೇಬೇಕಲ್ಲ, ಆದರು.

ಪರ ಊರಿನಲ್ಲಿ ಬ್ಯಾಂಕಿನವರು, ನೇವಿಯವರು ಸೇರಿ ಒಂದಷ್ಟು ಕನ್ನಡದ ಸಂಸಾರಗಳಿದ್ದವು. ಕನ್ನಡತನ ಉಳಿಸಿಕೊಳ್ಳಲು ನಮಗೆ ಗೊತ್ತಿದ್ದ ದಾರಿ ಒಂದೇ: ತಿನ್ನುವುದು. ಭಾನುವಾರ ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತು, ಮುಂದಿನ ಭಾನುವಾರ ಇನ್ನೊಬ್ಬರ ಮನೆಯಲ್ಲಿ ಎಣ್ಣೆಗಾಯಿ. ಬೇಡ ಅಂದವರು ಕೆಟ್ಟವರು. "ನಮ್ಮನೇದು ರುಚಿಯಾಗಿಲ್ವಾ? ಅವರ ಮನೇಲಿ ಮಾತ್ರ ಎರಡು ಸಲ ಹಾಕಿಸ್ಕೊಂಡ್ರಿ!" ಎಂಬ ಮಾತು ತಪ್ಪಿದ್ದಲ್ಲ. ಇದರ ಮೇಲೆ ಮನೆ ಓನರಮ್ಮನ ಮುದ್ದಪಪ್ಪು ಎಂಬ ಗಟ್ಟಿ ಬೇಳೆ, ಆವಕಾಯಿ ಉಪ್ಪಿನಕಾಯಿ, ಮೇಲೊಂದು ಮಿಳ್ಳೆ ತುಪ್ಪ. ನಾನು ಉಬ್ಬುತ್ತಾ ಹೋದೆ. ಕಡೆಗೆ ತುಪ್ಪ ಹಾಕಿದ ಆ ಓನರಮ್ಮನೇ ಒಂದು ದಿನ ಮೆಟ್ಟಿಲ ಮೇಲೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏಮ್ಮಾ, ಮರೀ ಲಾವು ಅಯಿಪೋಯಾವು!" ಅಂದರು. ತೀರಾ ದಪ್ಪಗಾಗಿದ್ದೀಯಲ್ಲೇ ಎಂದು. ತೆಲುಗು ಬರುತ್ತಿರಲಿಲ್ಲ, ಆದರೆ ಆ ಮಾತಿಗೆ ಯಾರ ಅನುವಾದವೂ ಬೇಕಾಗಲಿಲ್ಲ.

ದಪ್ಪ ಎಂದರೆ ನನಗೇನೂ ಬೇಸರವಿರಲಿಲ್ಲ. ಹೆದರಿಕೆ ಬಂದಿದ್ದು ಡಾಕ್ಟರು ರಕ್ತ ನೋಡಿ ಹೇಳಿದಾಗ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲ್ಬೆರಳಿನ ಗಾಯ ಮಾಯಲಿಲ್ಲ, ಪಾದ ತೆಗೆದರು. ಆಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ, ಐವತ್ತೂ ತುಂಬಿರಲಿಲ್ಲ. ಡಾಕ್ಟರು, "ನಿಮ್ಮ ಸಕ್ಕರೆ ಈಗ ಹೊಸಿಲ ಮೇಲಿದೆ. ತೂಕ ಇಳಿಸಿದರೆ ಅಲ್ಲೇ ತಡೆಯಬಹುದು. ಇಲ್ಲದಿದ್ದರೆ ನಿಮ್ಮ ತಾಯಿ ಕಥೆ ನಿಮಗೇ ಗೊತ್ತಲ್ಲ" ಎಂದುಬಿಟ್ಟರು. ಮನೆಗೆ ಬಂದವಳು ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತು ಅತ್ತೆ. ವೈನಿ ಬಾಗಿಲು ತೆಗೆದು ನೋಡಿದರು. ಒಳಗೆ ಕರೆದುಕೊಂಡು ಹೋಗಿ ನೀರು ಮಜ್ಜಿಗೆ ಕೊಟ್ಟರು. ಎಲ್ಲ ಕೇಳಿಸಿಕೊಂಡು, "ಅಳೂದು ಮುಗೀತೇನು? ಈಗ ನನ್ನ ಕಥಿ ಕೇಳು" ಎಂದರು.

ಅವರು ನನಗಿಂತ ದಪ್ಪವಿದ್ದವರಂತೆ. ಗಂಡ ಸಮುದ್ರದಲ್ಲಿ, ಮಕ್ಕಳು ಸ್ಕೂಲಿನಲ್ಲಿ, ಮಧ್ಯಾಹ್ನವಿಡೀ ಗೋಡೆ ನೋಡಿಕೊಂಡು ತಿನ್ನುವುದೇ ಕೆಲಸ. ಒಮ್ಮೆ ಹೊಟ್ಟೆಯ ಆಪರೇಷನ್ ಆಗಬೇಕಾಗಿ ಬಂತು. ಡಾಕ್ಟರು, ಇಷ್ಟು ತೂಕಕ್ಕೆ ಅರಿವಳಿಕೆ ಕೊಡಲು ಧೈರ್ಯವಿಲ್ಲ, ಇಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ಹಟ ಹಿಡಿದು ಇಳಿಸಿದರು. ಆಪರೇಷನ್ ಆಯಿತು. ಆಗ ನಮ್ಮ ಕನ್ನಡದ ಮಂದಿ ಏನು ಮಾಡಿದರು ಗೊತ್ತೇ? "ಪಾಪ, ಸೊರಗಿ ಕಡ್ಡಿಯಾಗಿದಾಳೆ" ಎಂದು ಮನೆಗೊಬ್ಬರು ಡಬ್ಬಿ ತಂದರು. ಬಾಣಂತಿಗೆ ಕೊಡುವ ಹಾಗೆ ಅಂಟಿನುಂಡೆ, ತುಪ್ಪದಲ್ಲಿ ಮುಳುಗಿದ ಶಿರಾ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ಹೇಗೆ? ವರ್ಷ ತುಂಬುವುದರೊಳಗೆ ಹೋದ ತೂಕವೆಲ್ಲ ನೆಂಟರನ್ನೂ ಕರೆದುಕೊಂಡು ಬಂತು.

"ಮೊದಲನೇ ಸಲ ಡಾಕ್ಟರಿಗಾಗಿ ಇಳಸಿದ್ದೆ, ಏರಿಬಿಡ್ತು. ಎರಡನೇ ಸಲ ನನಗಾಗಿ ಇಳಸಿದೆ, ನಿಂತೈತಿ. ಇಳಸೂದು ದೊಡ್ಡ ಮಾತಲ್ಲ ತಂಗಿ, ನಾಕು ದಿನ ಉಪಾಸ ಇದ್ರ ಎಮ್ಮಿನೂ ಇಳೀತೈತಿ. ಇಳದಲ್ಲಿ ನಿಂದ್ರೂದು ಐತಲ್ಲ, ಅದು ಸಾಯೂತನಕ ಮಾಡೂ ಕೆಲಸ."

ಮರುದಿನದಿಂದ ನಾನು ಅವರ ಶಿಷ್ಯೆಯಾದೆ. ಪಥ್ಯದ ಪಟ್ಟಿ ಕೊಡುತ್ತಾರೆಂದು ಕಾದರೆ ಏನೂ ಕೊಡಲಿಲ್ಲ. ಸುಮ್ಮನೆ ನಮ್ಮ ಮನೆಗೆ ಬಂದು ಊಟದ ಹೊತ್ತಿಗೆ ಕೂತು ನೋಡಿದರು. ನಾನು ಎಲ್ಲರಿಗೂ ಬಡಿಸಿ, ನಾನು ಉಂಡು, ಆಮೇಲೆ ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೂ ಬಳಿದು ಬಾಯಿಗೆ ಹಾಕಿಕೊಂಡೆ. ಅನ್ನ ಚೆಲ್ಲಬಾರದು ಎಂದು ಕಲಿತು ಬೆಳೆದವಳು ನಾನು. ವೈನಿ ಹಣೆ ಚಚ್ಚಿಕೊಂಡರು.

"ನೀ ಏನು ಮುಸುರಿ ಬಾನಿ ಏನವಾ? ಮಕ್ಕಳಿಗೆ ಅರ್ಧಾ ಹಾಕು. ಬೇಕಾದ್ರ ಮತ್ತ ಕೇಳ್ತಾವ. ಚೆಲ್ಲಬಾರದು ಖರೆ, ಹಂಗಂತ ನಿನ್ನ ಹೊಟ್ಟ್ಯಾಗ ಚೆಲ್ಕೋಬೇಕಂತ ಯಾರು ಹೇಳ್ಯಾರ?"

ಅದೊಂದನ್ನು ಬಿಟ್ಟಿದ್ದಕ್ಕೇ ಸೀರೆಯ ನೆರಿಗೆ ಒಂದು ಹೆಚ್ಚಾಯಿತು. ನಾನು ನಂಬಲಿಲ್ಲ. ನಂಬಿಸಲು ಅವರು ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ತೂಕದ ಯಂತ್ರವಿದ್ದದ್ದು ಅಲ್ಲಿ. ಬಣ್ಣಬಣ್ಣದ ದೀಪ ಗಿರಗಿರ ತಿರುಗಿ, ನಾಣ್ಯ ಹಾಕಿದರೆ ಟಪ್ಪೆಂದು ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ನಾನು ಮೊದಲು ಭವಿಷ್ಯದ ಕಡೆ ತಿರುಗಿಸಿದೆ. ವೈನಿ ಚೀಟಿ ಕಸಿದುಕೊಂಡು ಮಗುಚಿ ಕೊಟ್ಟರು. "ಈ ಕಡೆ ನೋಡು. ಈ ಕಡೆ ಸರಿ ಇದ್ರ ಆ ಕಡೇದು ತಾನಽ ಸರಿ ಆಕ್ಕೈತಿ." ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ರಿಕ್ಷಾದವನು ತೆಲುಗಿನಲ್ಲಿ "ರಂಡಮ್ಮಾ, ರಂಡಿ", ಬನ್ನಿ ಅಮ್ಮಾ ಬನ್ನಿ, ಎಂದು ಹಿಂದೆಯೇ ಬಂದರೂ ಅವರು ಹತ್ತುತ್ತಿರಲಿಲ್ಲ, ನನ್ನನ್ನೂ ಹತ್ತಿಸುತ್ತಿರಲಿಲ್ಲ. ಬರುವಾಗ ತರಕಾರಿ ಚೀಲ ನನ್ನ ಕೈಗೆ. ವಾಕಿಂಗು ಅಂತ ಬೇರೆ ಹೋಗುವ ಪದ್ಧತಿ ಅವರಿಗಿರಲಿಲ್ಲ. ಬೀಚ್ ರೋಡಿನಲ್ಲಿ ಬಿಳಿ ಬೂಟು ಹಾಕಿಕೊಂಡು ನಡೆಯುವವರು ಕೊನೆಗೆ ಪೆಸರಟ್ಟು ದೋಸೆಯ ಗಾಡಿಯ ಮುಂದೆ ನಿಲ್ಲುವುದನ್ನು ತೋರಿಸಿ ನಗುತ್ತಿದ್ದರು.

ಊರಿಂದ ಯಾರು ಬಂದರೂ ಅವರಿಗೆ ಬಿಳಿಜೋಳ ತರಬೇಕು. ರೊಟ್ಟಿ ಬಡಿಯುವ ಸದ್ದು ಮಹಡಿಗೂ ಕೇಳುತ್ತಿತ್ತು. ಮುದ್ದೆ ತಿಂದು ಬೆಳೆದ ನನಗೆ ರೊಟ್ಟಿ ಬೇಗ ಒಗ್ಗಲಿಲ್ಲ. "ರೊಟ್ಟಿಗೆ ಹಲ್ಲು ಬೇಕು, ಹೊತ್ತು ಬೇಕು. ಅಷ್ಟರಾಗ ಹೊಟ್ಟಿ ತುಂಬಿದ್ದು ಗೊತ್ತಾಕ್ಕೈತಿ. ನಿಮ್ಮ ಅನ್ನ ಸಾರು ಹಂಗಽ ಜಾರಿ ಹೋಗಿಬಿಡ್ತಾವ, ಪತ್ತೇನಽ ಇರಂಗಿಲ್ಲ" ಎನ್ನುವರು. ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಕೈ ಚೇಗೋಡಿ ಎಂಬ ಕರಿದ ತಿಂಡಿಯ ಡಬ್ಬಿಯ ಕಡೆ ಹೋಗುತ್ತದೆಂದು ಗೊತ್ತಿದ್ದೇ ಅವರು ಕೆಳಗಿಂದ ಕೂಗುತ್ತಿದ್ದರು. "ಅದು ಹಸಿವಲ್ಲವಾ, ಬ್ಯಾಸರಕಿ. ಕೆಳಗ ಬಾ, ಹೂ ಕಟ್ಟೂನು." ಆ ಮಾತು ನನಗೆ ನಾಟಿತು. ಮನೆಯಲ್ಲಿ ಇಷ್ಟೆಲ್ಲ ಇದ್ದೂ ಆ ಹೊತ್ತಿಗೆ ನನಗೆ ಅಮ್ಮನ ನೆನಪಾಗಿ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಅದನ್ನೇ ನಾನು ಹಸಿವು ಎಂದುಕೊಂಡಿದ್ದೆ.

ಇಷ್ಟಾದರೂ ಭಾನುವಾರದ ಊಟಗಳು ಉಳಿದೇ ಇದ್ದವು. ಅಲ್ಲಿ ವೈನಿ ಏನು ಮಾಡುತ್ತಾರೆಂದು ನಾನು ತಡವಾಗಿ ಗಮನಿಸಿದೆ. ಯಾರ ಮನೆಗೆ ಹೋದರೂ ಸೆರಗು ಸಿಕ್ಕಿಸಿ ಸೀದಾ ಅಡುಗೆಮನೆಗೆ ನುಗ್ಗಿ ಸೌಟು ಹಿಡಿದುಬಿಡುತ್ತಿದ್ದರು. ಓಡಾಡಿ ಬಡಿಸುವವರಿಗೆ ಒತ್ತಾಯ ಮಾಡುವವರು ಯಾರು? ಕೊನೆಯ ಪಂಕ್ತಿಯಲ್ಲಿ ಕೂತು, ತಾವೇ ತಮಗೆ ಬೇಕಾದಷ್ಟು ಹಾಕಿಕೊಂಡು ಏಳುತ್ತಿದ್ದರು. ಊರೆಲ್ಲ, "ವೈನಿ ಎಂಥ ಕೆಲಸಗಾರ್ತಿ!" ಎಂದು ಹೊಗಳುತ್ತಿತ್ತು. ನನಗೆ ಒಳಗುಟ್ಟು ಗೊತ್ತಾಗಿ ನಗು ತಡೆಯಲಾಗಲಿಲ್ಲ. ಆದರೆ ಸಣ್ಣ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ನಾನು ಸೌಟು ಹಿಡಿಯುವಂತಿರಲಿಲ್ಲ. "ವೈನಿ, ನಂಗೆ ಬೇಡ ಅನ್ನಕ್ಕೆ ಬಾಯೇ ಬರಲ್ಲ. ನನ್ನ ಎಲೆ ನೀವೇ ನೋಡ್ಕೊಳ್ಳಿ" ಎಂದೆ. "ನೋಡ್ಕೋತೀನಿ ಬಿಡು" ಎಂದರು.

ಆ ಯುಗಾದಿಗೆ ಹಾಸನದಿಂದ ನಮ್ಮತ್ತೆ ಬಂದಿದ್ದರು. ಊಟ ವೈನಿಯ ಮನೆಯಲ್ಲಿ, ತಾರಸಿಯ ಮೇಲೆ ಚಪ್ಪರ ಹಾಕಿ ಸಾಲಾಗಿ ಬಾಳೆಲೆ. ನನ್ನ ಪಕ್ಕದಲ್ಲಿ ಅತ್ತೆ. ಮೊದಲ ಸುತ್ತಿನಲ್ಲಿ ಎಲ್ಲರಿಗೂ ಒಂದೊಂದು ಹೋಳಿಗೆ ಬಿತ್ತು. ಎರಡನೆಯ ಸುತ್ತಿಗೆ ವೈನಿ ಬುಟ್ಟಿ ಹಿಡಿದು ಬಂದರು. ಅತ್ತೆಯ ಎಲೆಗೆ ಹಾಕಿದರು, ತುಪ್ಪ ಬಿಟ್ಟರು, ನನ್ನ ಎಲೆಯನ್ನು ದಾಟಿ ಆಚೆಯವರ ಎಲೆಗೆ ಹಾಕಿದರು. ಕೇಳಲೂ ಇಲ್ಲ, ನಿಲ್ಲಲೂ ಇಲ್ಲ.

ಪಂಕ್ತಿಯಲ್ಲಿ ಕೂತವರ ಎಲೆ ದಾಟುವುದು ಎಂದರೆ ನಮ್ಮಲ್ಲಿ ಕಪಾಳಕ್ಕೆ ಹೊಡೆದ ಹಾಗೆ. ಅತ್ತೆಯ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು.

"ಏನಮ್ಮಾ ಇದು? ನಮ್ ಸೊಸೆ ಎಲೆ ದಾಟ್ಕೊಂಡ್ ಹೋದ್ರಲ್ಲ! ಕರ್ದು ಕೂರಿಸಿ ಪಂಕ್ತಿಭೇದ ಮಾಡ್ತೀರಾ?"

ಎಲ್ಲರೂ ಇತ್ತ ತಿರುಗಿದರು. ವೈನಿ ಬುಟ್ಟಿ ಹಿಡಿದು ನಿಂತರು. ನನಗೂ ಸಕ್ಕರೆ ಹೊಸಿಲಿಗೆ ಬಂದಿದೆ ಎಂಬುದನ್ನು ನಾವು ಅತ್ತೆಗೆ ಹೇಳಿರಲಿಲ್ಲ. ತಾಯಿಯ ರೋಗ ಮಗಳಿಗೂ ಬಂತು ಎಂದು ಊರಲ್ಲಿ ಮಾತಾಗುತ್ತದೆಂದು ನನ್ನ ಗಂಡ ಬಾಯಿ ಮುಚ್ಚಿಸಿದ್ದರು. ವೈನಿಗೆ ಅದು ಗೊತ್ತಿತ್ತು. ಅಷ್ಟು ಜನರ ಎದುರು ನಿಜ ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು. ಅವರು ಹೇಳಲಿಲ್ಲ. "ತಪ್ಪಾತ್ರಿ ಅಮ್ಮಾರ" ಎಂದಷ್ಟೇ ಅಂದರು. ಹಾಗಂತ ಹೋಳಿಗೆ ಮಾತ್ರ ಹಾಕಲಿಲ್ಲ! ಅತ್ತೆ ಅರ್ಧ ಊಟ ಬಿಟ್ಟು ಎದ್ದರು. ಹಿಂದೆಯೇ ನಾನೂ ಏಳಬೇಕಾಯಿತು. ಹಬ್ಬದ ದಿನ ಅವರ ಮನೆಯಿಂದ ಎಲೆ ಬಿಟ್ಟು ಎದ್ದು ಬಂದೆವು.

ಸಂಜೆ ವೈನಿಯೇ ಮೆಟ್ಟಿಲು ಹತ್ತಿ ಬಂದರು. ಅತ್ತೆ ಮುಖ ಗೋಡೆಯ ಕಡೆ ತಿರುಗಿಸಿ ಕೂತಿದ್ದರು. ವೈನಿ ನೆಲದ ಮೇಲೆ ಕೂತು ನನ್ನ ಮುಖ ನೋಡಿದರು. ಹೇಳಲೇ ಎಂದು ಕೇಳುವ ನೋಟ. ನಾನು ಹೂಂ ಎಂದು ತಲೆಯಾಡಿಸಿದೆ.

"ಅಮ್ಮಾರ, ಪಂಕ್ತಿಭೇದ ಮಾಡೀನಿ ಖರೆ. ನಿಮ್ಮ ಬೀಗಿತ್ತಿ ಕಾಲು ತಗದಿದ್ದು ನೀವು ಕಣ್ಣಾರೆ ಕಂಡೀರಿ. ಅದಽ ರೋಗ ಈಗ ಇಕೀ ಬಾಗಲಾಗ ನಿಂತೈತಿ. ನಾಳೆ ಇಕೀ ಕಾಲಿಗೆ ಬಂದ್ರ ಈ ಎರಡು ಕೂಸು ಯಾರು ನೋಡ್ತಾರ್ರಿ? ಬೈಸ್ಕೊಂಡ್ರ ಬೈಸ್ಕೊಂಡೆ ಅಂತ ದಾಟೀನಿ."

ಅತ್ತೆ ನನ್ನ ಕಡೆ ತಿರುಗಿ, "ಹೌದೇನೇ?" ಎಂದರು. ನಾನು ಅತ್ತೆ ಕಾಲ ಹತ್ತಿರ ಕೂತುಬಿಟ್ಟೆ. ಅವರು ಮೂಗು ಒರೆಸಿಕೊಂಡು ವೈನಿಯನ್ನು ದುರುಗುಟ್ಟಿ ನೋಡಿದರು.

"ಅದ್ಸರಿ ಕಣಮ್ಮ. ಮತ್ತೆ ನಂಗ್ಯಾಕೆ ಎರಡು ಹಾಕ್ದೆ? ನಂದೇನು ಕಾಲಲ್ವಾ?"

ಮೂವರೂ ನಕ್ಕೆವು. ನಗುನಗುತ್ತಲೇ ನನಗೆ ಅಳು ಬಂತು. ಅತ್ತೆ ಊರಿಗೆ ಹೊರಡುವವರೆಗೂ ದಿನಾ ಕೆಳಗೆ ಹೋಗಿ ವೈನಿಯ ಹತ್ತಿರ ರೊಟ್ಟಿ ಬಡಿಯುವುದನ್ನು ಕಲಿಯಲು ಕೂತರು, ಕೊನೆಗೂ ಬರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಡಾಕ್ಟರು ನನ್ನ ಕಾಗದವನ್ನು ಎರಡೆರಡು ಸಲ ನೋಡಿ, "ಏನು ಮಾಡಿದಿರಿ?" ಎಂದು ಕೇಳಿದರು. ಏನೆಂದು ಹೇಳುವುದು? "ಕೆಳಗಡೆ ಮನೆಯವರು ಒಳ್ಳೆಯವರು" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆಮೇಲೆ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ಹೊರಡುವ ದಿನ ನಾನು ಅಳುತ್ತಿದ್ದರೆ ವೈನಿ ಬುತ್ತಿ ಕಟ್ಟುತ್ತಾ, "ಅಲ್ಲೂ ಸ್ಟೇಷನ್ನಿನಾಗ ಮಷೀನ್ ಇರತೈತಿ" ಎಂದರು. ಇತ್ತು. ವಿಜಯವಾಡದಲ್ಲಿ ಬಿಸಿಲಿಗೆ ನಡೆಯುವಂತಿಲ್ಲ, ಬೇಸಗೆಯಲ್ಲಿ ಮನೆಮನೆಗೂ ಬುಟ್ಟಿಬುಟ್ಟಿ ಮಾವಿನಹಣ್ಣು. ಅಲ್ಲಿಯೂ ಕನ್ನಡದವರ ಕೂಟವಿತ್ತು, ಅಲ್ಲಿಯೂ ಒತ್ತಾಯ. ಮಕ್ಕಳು ದೊಡ್ಡವರಾಗಿದ್ದರು, ನಾನೂ ಸೆರಗು ಸಿಕ್ಕಿಸಿ ಸೌಟು ಹಿಡಿದೆ. ಭಾನುವಾರ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದರೆ ವೈನಿ ಆರಾಮೇ ಎಂದು ಕೇಳುವ ಮೊದಲೇ, "ಚೀಟಿ ಏನಂತೈತಿ?" ಎನ್ನುವರು. ಒಂದು ಸಲ ಊರಲ್ಲಿ ಮದುವೆಗಳ ಸಾಲು ಮುಗಿಸಿ ಬಂದಾಗ ನಾಲ್ಕು ಕಿಲೋ ಏರಿತ್ತು. ಎಲ್ಲ ಮುಗಿದೇಹೋಯಿತು ಎನ್ನುವ ದನಿಯಲ್ಲಿ ಹೇಳಿದೆ.

"ನಾಕಽ ಏನು? ನಾಕಿದ್ದಾಗ ನೀ ಅದನ್ನ ಹಿಡಿ. ಹತ್ತಾತಂದ್ರ ಅದು ನಿನ್ನ ಹಿಡೀತೈತಿ. ಇವತ್ತಿನಿಂದ ಚಾಲೂ ಮಾಡು, ಸೋಮವಾರ ಬರ್ಲಿ ಅಂತ ಕಾಯಬ್ಯಾಡ."

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಣ್ಣ ನೇವಿಯಿಂದ ನಿವೃತ್ತರಾಗಿ ವಿಶಾಖಪಟ್ಟಣದ ಹೊರಗೆ ದುವ್ವಾಡದ ಹತ್ತಿರ ಮನೆ ಕಟ್ಟಿಸಿದ್ದರು. ಒಂದು ಭಾನುವಾರ ವೈನಿ ತಾವೇ ಫೋನು ಮಾಡಿದರು. ಎಲ್ಲರೂ ತಮ್ಮನ್ನು ಹೊಗಳುತ್ತಿದ್ದಾರೆ, ಈ ವಯಸ್ಸಿಗೆ ಎಷ್ಟು ಚೆನ್ನಾಗಿ ಇಳಿಸಿದ್ದೀರಿ ಎನ್ನುತ್ತಿದ್ದಾರೆ ಎಂದರು. ನಾನೂ ಖುಷಿಯಿಂದ ಏನೋ ಹೇಳಲು ಹೊರಟೆ. ನಡುವೆಯೇ ತಡೆದರು.

"ಚೀಟಿ ಇಳದೈತಿ ತಂಗಿ. ಆದ್ರ ನಾ ಇಳಸಿಲ್ಲ. ಮೈ ಅನ್ನೂದು ಪುಕ್ಕಟೆ ಇಳಿಯಂಗಿಲ್ಲ. ಏನೋ ಐತಿ."

ಇತ್ತು. ಹೊಟ್ಟೆಯೊಳಗೆ ಗಡ್ಡೆ. ಹೊಗಳಿದವರ ಮಾತು ನಂಬಿ ಕೂತಿದ್ದರೆ ಇನ್ನೂ ತಡವಾಗುತ್ತಿತ್ತಂತೆ. ಬೇಗ ತೋರಿಸಿದ್ದರಿಂದ ಸಿಕ್ಕಿದ್ದು ಒಂದು ವರ್ಷ. ಆ ವರ್ಷದಲ್ಲಿ ಮಗಳ ಮದುವೆ ಮಾಡಿ ಮುಗಿಸಿದರು.

ಕೊನೆಗೆ ನಾನು ಬೆಳಗಿನ ರೈಲಿಗೆ ಹೋಗಿ ನೋಡಿದಾಗ ಅವರು ಹಾಸಿಗೆಯಲ್ಲಿ ಒಂದು ಹಿಡಿಯಾಗಿದ್ದರು. ರೆಟ್ಟೆಯ ಚರ್ಮ ಎಲುಬಿಗೇ ಅಂಟಿಕೊಂಡಿತ್ತು. ಗಂಜಿ ಕುಡಿಸಲು ಕೂತೆ. ಎರಡು ಚಮಚಕ್ಕೆ ಸಾಕೆಂದರು. "ಇನ್ನೊಂದೇ ಒಂದು ವೈನಿ, ನನ್ನ ಆಣೆ" ಎಂದು ಚಮಚ ಹಿಡಿದುಕೊಂಡೇ ಇದ್ದೆ. ಅವರು ಬಾಯಿ ತೆರೆದು ಕುಡಿದರು. ಕುಡಿದ ಮೇಲೆ ಸುಸ್ತಾಗಿ ನಕ್ಕರು.

"ನೋಡಿದೇನು? ನನಗೂ ಬ್ಯಾಡ ಅನ್ನಾಕ ಬರಂಗಿಲ್ಲ. ಜನ್ಮಪೂರ್ತಿ ಬರಲಿಲ್ಲ. ಅದಕ್ಕಽ ಸೌಟು ಹಿಡಕೊಂಡೆ. ಅದು ಉಪಾಯ ಆತು, ಧೈರ್ಯ ಆಗಲಿಲ್ಲ. ನೀ ಕಲ್ಕೋ ತಂಗಿ. ಎಷ್ಟಂತ ಸೌಟು ಹಿಡಕೊಂಡು ಓಡಾಡ್ತೀ?"

ನಾನು ಅವರ ಕೈ ಹಿಡಿದುಕೊಂಡು ಕೂತೆ. ರೈಲಿಗೆ ಹೊತ್ತಾಯಿತೆಂದು ಅವರೇ ನನ್ನನ್ನು ಎಬ್ಬಿಸಿ ಕಳಿಸಿದರು.

ಅವರು ತೀರಿಕೊಂಡ ಮೇಲೆ ದಿವಸದ ಊಟಕ್ಕೆ ನಾವೆಲ್ಲ ದುವ್ವಾಡದಲ್ಲಿ ಸೇರಿದೆವು. ಹಳೆಯ ಕನ್ನಡದ ಸಂಸಾರಗಳಲ್ಲಿ ಉಳಿದವರು ಬಂದಿದ್ದರು. ಅವರ ಕಡೆಯ ಪದ್ಧತಿಯಂತೆ ಹೋಳಿಗೆ ಊಟ. ನಾನು ಅಭ್ಯಾಸಬಲದಿಂದ ಅಡುಗೆಯವರ ಕಡೆ ಹೊರಟರೆ ಅಣ್ಣ ತಡೆದರು. "ಇವತ್ತ ನೀ ಬಡಸೂದು ಬ್ಯಾಡ. ಆಕೀ ತಂಗಿ ನೀ. ಕುಂಡ್ರು" ಎಂದು ಸಾಲಿನಲ್ಲಿ ಕೂರಿಸಿದರು. ಬುಟ್ಟಿಯನ್ನು ಅವರೇ ಹಿಡಿದರು. ಹಡಗಿನಲ್ಲಿ ಎಷ್ಟೋ ಜನರಿಗೆ ಹುಕುಂ ಮಾಡಿದ ಮನುಷ್ಯ, ಬಗ್ಗಿ ಬಗ್ಗಿ ಒಂದೊಂದೇ ಎಲೆಗೆ ಹಾಕುತ್ತಾ ಬಂದರು.

ಒಂದು ಹೋಳಿಗೆ ತಿಂದೆ. ಪೂರ್ತಿ ತಿಂದೆ. ಎರಡನೆಯ ಸುತ್ತಿಗೆ ಅಣ್ಣ ನನ್ನ ಮುಂದೆ ಬಂದು ನಿಂತರು. ಅವರ ಕಣ್ಣಿಂದ ನೀರು ಬುಟ್ಟಿಯೊಳಗೇ ಬೀಳುವ ಹಾಗಿತ್ತು.

"ಆಕೀ ಹೆಸರಿಲೆ ಇನ್ನೊಂದು, ತಂಗಿ."

ಇದಕ್ಕಿಂತ ದೊಡ್ಡ ಒತ್ತಾಯ ನನಗೆ ಯಾರೂ ಮಾಡಿಲ್ಲ, ಮುಂದೆಯೂ ಮಾಡಲಾರರು. ಪಕ್ಕದವರೆಲ್ಲ ನೋಡುತ್ತಿದ್ದರು. ನಾನು ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದೆ.

"ಅವರ ಹೆಸರಲ್ಲೇ ಬೇಡ ಅಂತಿದೀನಿ, ಅಣ್ಣ."

ಅವರು ನನ್ನ ಕೈಯನ್ನೇ ನೋಡಿದರು. ಆಮೇಲೆ ಭುಜಕ್ಕೆ ಕಣ್ಣು ಒರೆಸಿಕೊಂಡು, ಹೌದೆನ್ನುವಂತೆ ತಲೆಯಾಡಿಸಿ, ಮುಂದಿನ ಎಲೆಗೆ ಹೋದರು.